ಎಂಟನೇ ರಾಶಿಯ ಬಿಸಿ

ಕಾಪ್ ಪಟ್ಟಣದ ಆಚೆ, ಉಪ್ಪುಗಾಳಿ ಬಡಿಯುವ ಬಯಲಲ್ಲಿ
ನಮ್ಮ ಹನ್ನೊಂದು ರಾಶಿಗಳು.
ಬೆಳಿಗ್ಗೆ ಆರಕ್ಕೆ ಲಾರಿ. ಮುಚ್ಚಳ ಬಿಗಿದ ನೀಲಿ ಡಬ್ಬಗಳು.
ಊರು ಉಂಡದ್ದೆಲ್ಲ ಅದರೊಳಗೆ:
ಮದುವೆಯ ಹಂದಿಮಾಂಸ, ಬಡವರ ಜೋಳದ ಗಂಜಿ,
ಪಾದ್ರಿಯದು, ಪೊಲೀಸಿನವನದು.
ಡಬ್ಬದ ಮೇಲೆ ಹೆಸರಿಲ್ಲ, ಬರೀ ನಂಬರು.
ಸುರಿಯುತ್ತೇವೆ, ಮೇಲೆ ಕಬ್ಬಿನ ಸಿಪ್ಪೆ ಹೊದಿಸುತ್ತೇವೆ.
ರಾಶಿಯ ಬಿಸಿ ನೋಡಿ ಬರೆದಿಡುವುದು ನನ್ನ ಕೆಲಸ.
ಹೆಸರು ರೋಜ್ಮಿತಾ.
ಮೂಗಿನ ಮಾತು ಕೇಳಬೇಡಿ,
ಮೂರನೇ ವಾರಕ್ಕೆ ಅದೂ ಸುಮ್ಮನಾಗುತ್ತದೆ.

ಎಲ್ಯೂಸ್ಮಾ ನಮ್ಮೆಲ್ಲರಿಗಿಂತ ಹಿರಿಯ.
ಮೂವತ್ತು ವರ್ಷ ಬಯಾಕು ಆಗಿದ್ದವನು. ಅಂದರೆ
ಊರು ಮಲಗಿದ ಮೇಲೆ ಪಾಯಿಖಾನೆಯ ಗುಂಡಿಗೆ
ಬರಿಮೈಯಲ್ಲಿ ಇಳಿಯುವವನು.
ಒಂದು ಮೇಣದಬತ್ತಿ, ಅರ್ಧ ಸೀಸೆ ಸಾರಾಯಿ,
ಬಕೆಟ್ಟು ಬಕೆಟ್ಟಾಗಿ ಎತ್ತಿ,
ಬೆಳಕು ಹರಿಯುವ ಮುಂಚೆ ತೋಡಿಗೆ ಚೆಲ್ಲಿ,
ಮುಖ ನೋಡದೆ ಕೊಟ್ಟ ದುಡ್ಡು
ಮುಖ ತೋರಿಸದೆ ಇಸಕೊಂಡು ಹೋಗುವವನು.
ಹೆಂಡತಿಯ ನೆಂಟರಿಗೆ ಅವನು ರಾತ್ರಿ ಕಾವಲುಗಾರ.
ಈಗ ಬೂಟು ಇದೆ, ಕೈಗವಸು ಇದೆ, ಸಂಬಳದ ಚೀಟಿಯಿದೆ,
ಆದರೂ ಹಗಲಲ್ಲಿ ಯಾರಾದರೂ ಎದುರಾದರೆ
ದಾರಿಯ ಅಂಚಿಗೆ ಸರಿದು ನಿಲ್ಲುತ್ತಾನೆ.

ಜುಲೈಯಲ್ಲಿ ಥರ್ಮಾಮೀಟರು ಒಡೆಯಿತು. ತಪ್ಪು ನನ್ನದೇ.
ಹೊಸದು ಹಡಗಿನಲ್ಲಿ ಬರಬೇಕು,
ಹಡಗು ದೇವರ ಚಿತ್ತ.
ಎಲ್ಯೂಸ್ಮಾ ಎಲ್ಲಿಂದಲೋ ಒಂದು ಕಬ್ಬಿಣದ ಸರಳು ತಂದ,
ಆಳೆತ್ತರದ್ದು, ತುಕ್ಕು ಹಿಡಿದದ್ದು.
ರಾಶಿಯ ಹೊಟ್ಟೆಗೆ ಚುಚ್ಚಿದ,
ಒಂದು ಸಿಗರೇಟು ಮುಗಿಯುವಷ್ಟು ಕಾದ,
ಎಳೆದು, ತುದಿಯನ್ನು ಮಣಿಕಟ್ಟಿನ ಒಳಮೈಗೆ ಮುಟ್ಟಿಸಿಕೊಂಡ
ಕೂಸಿನ ಹಾಲು ಎಷ್ಟು ಬಿಸಿಯೆಂದು ತಾಯಿ ನೋಡುವ ಹಾಗೆ.
‘ಅರವತ್ತೆರಡು. ಬರಿ.’
ಬರೆದೆ.

ಆಗಸ್ಟಿನಲ್ಲಿ ಬೆಟ್ಟದಿಂದ ವಿಲ್ನೋರ್ ಬಂದ,
ಕಾಫಿ ಸಸಿಗೆ ನೂರು ಚೀಲ ಬೇಕು, ನಗದು.
ಎಂಟನೇ ರಾಶಿ ಕಪ್ಪಗೆ, ಪುಡಿಪುಡಿಯಾಗಿ,
ಮಳೆ ಬಿದ್ದ ನೆಲದ ವಾಸನೆ ಹೊತ್ತು ಕೂತಿತ್ತು.
ಮೇಸ್ತ್ರಿ ತಲೆಯಾಡಿಸಿದ. ಸಲಿಕೆ ಎತ್ತಿದೆವು.
‘ತಡಿ,’ ಅಂದ ಎಲ್ಯೂಸ್ಮಾ.
‘ಈ ಮೂಲೆಗೆ ಕಾವೇ ತಾಗಿಲ್ಲ. ಬೆಂದಿಲ್ಲ ಇದು.’
‘ನೋಡೋಕೆ ಮಣ್ಣೇ ಅಲ್ಲವೇನಯ್ಯಾ?’
‘ಹೌದು, ನೋಡೋಕೆ.’
ಮೇಸ್ತ್ರಿ ಕೂಗಾಡಿದ. ವಿಲ್ನೋರ್ ನೋಟಿನ ಕಟ್ಟು ಬಿಚ್ಚಿ ತೋರಿಸಿದ.
ದಾರಿಯ ಅಂಚಿಗೆ ಸರಿಯುವ ಮನುಷ್ಯ
ಸರಳನ್ನು ಅಡ್ಡ ಹಿಡಿದು
ಲಾರಿಯ ಮುಂದೆ ನಿಂತುಬಿಟ್ಟ.
ಕೊನೆಗೆ ಆರನೇ ರಾಶಿಯ ನಲವತ್ತು ಚೀಲ ಹೇರಿ ಕಳಿಸಿದೆವು.

ಅವತ್ತು ಸಂಜೆ ಎಂಟನೆಯದನ್ನು ಮಗುಚುತ್ತಿದ್ದೆವು,
ಹೊರಗಿನದು ಒಳಕ್ಕೆ, ಒಳಗಿನದು ಹೊರಕ್ಕೆ.
ನಾನು ಕೇಳಿರಲಿಲ್ಲ. ಅವನೇ ಅಂದ:
‘ಕಾಲರಾ ಬಂದ ವರ್ಷ. ಕೆತ್ಸಿಯಾಗೆ ಏಳು.
ಕೈ ಹಿಡಿದು ಕೂತಿದ್ದೆ. ಮೊದಲು ಬೆರಳು ತಣ್ಣಗಾಯಿತು,
ಆಮೇಲೆ ಅಂಗೈ, ಆಮೇಲೆ ಇಲ್ಲಿ.’
ಮಣಿಕಟ್ಟು ತೋರಿಸಿದ, ಸರಳು ಸುಟ್ಟ ಕಂದು ಗೆರೆಗಳು.
‘ನಾನೇ ಮನೆಗೆ ತಂದೆ ಅಂದರು ಜನ.
ಇರಬಹುದು.
ನಾನು ಚೆಲ್ಲುತ್ತಿದ್ದ ತೋಡಿನ ಕೆಳಗೇ ನಮ್ಮ ಮನೆ.’
ಸ್ವಲ್ಪ ಹೊತ್ತು ಸಲಿಕೆಯ ಸದ್ದು ಮಾತ್ರ.
‘ಆ ಕಡೆಯಿಂದ ಹಾಕು,’ ಅಂದ, ‘ಗಾಳಿ ಆಡಲಿ.’

ಹೊಸ ಥರ್ಮಾಮೀಟರು ಅಕ್ಟೋಬರಿನಲ್ಲಿ ಬಂತು,
ಹಿತ್ತಾಳೆಯ ಮುಖ, ಕೆಂಪು ಮುಳ್ಳು.
ಎಂಟನೇ ರಾಶಿಗೆ ಅದು ಐವತ್ತೊಂಬತ್ತು ಅಂದಿತು,
ಅವನ ಕೈ ಅರವತ್ತೊಂದು ಅಂದಿತು.
‘ಹೊಸದಲ್ಲವೇ,’ ಅಂದ ಎಲ್ಯೂಸ್ಮಾ, ‘ಕಲಿಯುತ್ತದೆ.’
ನಾನೀಗ ಪುಸ್ತಕದಲ್ಲಿ ಎರಡು ಸಾಲು ಎಳೆದು
ಎರಡನ್ನೂ ಬರೆಯುತ್ತೇನೆ.
ಒಂದರ ತಲೆಗೆ ಯಂತ್ರ ಎಂದಿದೆ.
ಇನ್ನೊಂದರ ತಲೆಗೆ ಏನು ಬರೆಯುವುದೋ ತಿಳಿಯದೆ
ಖಾಲಿ ಬಿಟ್ಟಿದ್ದೇನೆ.